ಸೈಕಲ್ ಸವಾರಿಯೂ ಹೆಂಗಸರ ಉಡುಪೂ

1870ರ ದಶಕದ ಇಂಗ್ಲೆಂಡಿನಲ್ಲಿ ಓಡಾಡುತ್ತಿದ್ದ ಸೈಕಲ್ಲಿನ ಮುಂಚಕ್ರ ಎದೆಯೆತ್ತರ ಇರುತ್ತಿತ್ತು. ನೆಲ ಗುಡಿಸುವಷ್ಟು ಉದ್ದದ ಲಂಗ ತೊಟ್ಟವರು ಅದನ್ನು ಏರುವಂತಿರಲಿಲ್ಲ. ಉಳ್ಳವರ ಮನೆಯ ಹೆಂಗಸರು ಮೂರು ಚಕ್ರದ ಗಾಡಿ ತುಳಿಯುತ್ತಿದ್ದರು. 1881ರಲ್ಲಿ ವಿಕ್ಟೋರಿಯಾ ರಾಣಿಯೂ ಅಂಥದನ್ನು ತರಿಸಿಕೊಂಡಳು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ‘ರೋವರ್’ ಸೈಕಲ್ಲಿನ ಎರಡು ಚಕ್ರಗಳೂ ಹೆಚ್ಚುಕಡಿಮೆ ಒಂದೇ ಅಳತೆಯವು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ ಮೇಲೆ ಕುಲುಕಾಟವೂ ತಗ್ಗಿತು.

ಲಂಗದ ತೊಡಕು ಮಾತ್ರ ಉಳಿಯಿತು. ತಯಾರಕರು ಮೊದಲು ಸೈಕಲ್ಲನ್ನೇ ತಿದ್ದಿದರು: ಸೀಟಿನ ಮುಂದಿನ ಅಡ್ಡಕಂಬಿಯನ್ನು ಕೆಳಕ್ಕೆ ಬಾಗಿಸಿದರು, ಚೈನಿಗೆ ಕವರ್ ಹಾಕಿದರು, ಹಿಂಚಕ್ರದ ಎರಡೂ ಬದಿಗೆ ದಾರದ ಬಲೆ ಬಿಗಿದರು. ನಮ್ಮ ಬೈಕುಗಳ ಸೀರೆ ಗಾರ್ಡ್ ಮಾಡುವ ಕೆಲಸವನ್ನೇ ಆ ಬಲೆ ಅಂದು ಮಾಡುತ್ತಿತ್ತು. ಬಾಗಿದ ಕಂಬಿಯ ‘ಲೇಡೀಸ್ ಸೈಕಲ್’ ಭಾರತಕ್ಕೂ ಬಂತು. 2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಹುಡುಗಿಯರಿಗೆ ಉಚಿತವಾಗಿ ಹಂಚತೊಡಗಿದ ಸೈಕಲ್ಲುಗಳೂ ಇದೇ ಬಗೆಯವು.

ಉಡುಪನ್ನು ತಿದ್ದುವುದು ಇಷ್ಟು ಸುಲಭವಾಗಲಿಲ್ಲ. ಅಂದಿನ ಹೆಂಗಸರು ಗಟ್ಟಿ ಪಟ್ಟಿಗಳನ್ನು ಹೊಲಿದ ಕಾರ್ಸೆಟ್ಟಿನಿಂದ ಸೊಂಟ ಬಿಗಿದುಕೊಳ್ಳುತ್ತಿದ್ದರು. ಏರು ರಸ್ತೆಯಲ್ಲಿ ಪೆಡಲ್ ತುಳಿಯುವಾಗ ಬೇಕಾದ ಉಸಿರನ್ನು ಅದು ಎಳೆಯಗೊಡುತ್ತಿರಲಿಲ್ಲ. 1881ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ರ‍್ಯಾಷನಲ್ ಡ್ರೆಸ್ ಸೊಸೈಟಿ’ ಒಳ ಉಡುಪಿನ ತೂಕ 7 ಪೌಂಡು, ಎಂದರೆ ಸುಮಾರು 3 ಕಿಲೋ, ಮೀರಬಾರದೆಂದು ಹೇಳಿತು. ಹೀಗೊಂದು ಮಿತಿ ಹಾಕಬೇಕಾಯಿತೆಂದರೆ ಆ ಹೆಂಗಸರು ದಿನವಿಡೀ ಹೊರುತ್ತಿದ್ದ ಭಾರ ಎಷ್ಟಿರಬೇಕು! 1893ರಲ್ಲಿ 16 ವರ್ಷದ ಟೆಸ್ಸಿ ರೆನಾಲ್ಡ್ಸ್ ಮೊಣಕಾಲ ಕೆಳಗೆ ಬಿಗಿಯುವ ಚಡ್ಡಿ ತೊಟ್ಟು ಬ್ರೈಟನ್ನಿನಿಂದ ಲಂಡನ್ನಿಗೆ ಹೋಗಿ ಎಂಟೂವರೆ ಗಂಟೆಯಲ್ಲಿ ಮರಳಿದಾಗ, ಆಕೆ ಕ್ರಮಿಸಿದ ದೂರಕ್ಕಿಂತ ತೊಟ್ಟ ಬಟ್ಟೆಯೇ ಹೆಚ್ಚು ಚರ್ಚೆಗೆ ಬಂತು. ಅಷ್ಟು ಧೈರ್ಯ ಸಾಲದವರಿಗೆ ನಡುದಾರಿಯೂ ಇತ್ತು. ಆಲಿಸ್ ಬೈಗ್ರೇವ್ ಎಂಬ ದರ್ಜಿ 1895ರಲ್ಲಿ ಪೇಟೆಂಟ್ ಪಡೆದ ಲಂಗದೊಳಗೆ ದಾರಗಳನ್ನು ಹೊಲಿದಿರುತ್ತಿತ್ತು. ಸವಾರಿಗೆ ಮುನ್ನ ಅವನ್ನು ಎಳೆದರೆ ಅಂಚು ಮೇಲೇರುತ್ತಿತ್ತು, ಇಳಿದ ಮೇಲೆ ಸಡಿಲಿಸಿದರೆ ಮತ್ತೆ ಪೂರ್ತಿ ಲಂಗ.

ಸೊಸೈಟಿಯ ಮುಂದಾಳು ಲೇಡಿ ಹಾರ್ಬರ್ಟನ್ 1898ರಲ್ಲಿ ಸೈಕಲ್ ಉಡುಪಿನಲ್ಲಿ ಸರ‍್ರೆಯ ಆಕಮ್ ಎಂಬ ಊರಿನ ಹೋಟೆಲಿಗೆ ಹೋದಾಗ ಕಾಫಿ ಕೋಣೆಗೆ ಬಿಡಲಿಲ್ಲ. ಊಟ ಬೇಕಿದ್ದರೆ ಬಾರಿನಲ್ಲಿ ಕೂರಬೇಕೆಂದರು. ಸೈಕಲ್ ಸವಾರರ ಸಂಘ ಮೊಕದ್ದಮೆ ಹೂಡಿತು. 1899ರಲ್ಲಿ ತೀರ್ಪು ಬಂದದ್ದು ಹೋಟೆಲಿನ ಒಡತಿಯ ಪರವಾಗಿ.

ಆರೋಗ್ಯದ ಹೆಸರಿನಲ್ಲಿ ಬಂದ ವಿರೋಧ ಇನ್ನೂ ಜೋರಾಗಿತ್ತು. ಸಮತೋಲನ ಕಾಯುವ ಆತಂಕದಲ್ಲಿ ಮುಖ ಬಿಗಿದು ಕಣ್ಣು ಅರಳಿ ಹಾಗೇ ನಿಂತುಬಿಡುತ್ತದೆಂಬ ‘ಸೈಕಲ್ ಮುಖ’ದ ಭಯವನ್ನು ಪತ್ರಿಕೆಗಳು ಹರಡಿದವು, ಲಂಡನ್ನಿನ ವೈದ್ಯ ಎ. ಶ್ಯಾಡ್ವೆಲ್ 1897ರಲ್ಲಿ ಅದನ್ನು ಗಂಭೀರವಾಗಿಯೇ ಬರೆದರು. ಗರ್ಭಕೋಶ ಕೆಡುತ್ತದೆ, ಹೃದಯ ಸೋಲುತ್ತದೆ ಎಂದವರಿದ್ದರು. ಸೀಟಿನ ಒತ್ತಡ ಹೆಂಗಸರಲ್ಲಿ ಕಾಮ ಕೆರಳಿಸುತ್ತದೆಂದು ಎಚ್ಚರಿಸಿದವರೂ ವೈದ್ಯರೇ. ಈ ಬರಹಗಳಲ್ಲಿ ಪರೀಕ್ಷೆಗಿಂತ ಊಹೆ ಹೆಚ್ಚು, ಹೆಂಗಸರ ಓಡಾಟದ ಮೇಲಿನ ಅಸಮಾಧಾನ ಅದಕ್ಕಿಂತ ಹೆಚ್ಚು. ಇತ್ತ ಸೈಕಲ್ಲನ್ನು ಹಿತವಾದ ವ್ಯಾಯಾಮವೆಂದು ಸೂಚಿಸಿದ ವೈದ್ಯರೂ ಇದ್ದರು. ಅಮೆರಿಕದ ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲರ್ಡ್ 53ನೇ ವಯಸ್ಸಿನಲ್ಲಿ ಸವಾರಿ ಕಲಿತು, ಆ ಅನುಭವವನ್ನು 1895ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಈ ಗದ್ದಲದ ನಡುವೆ ಒಂದು ದೂರು ಮಾತ್ರ ನಿಜವಾಗಿತ್ತು: ಸೀಟು ನೋಯಿಸುತ್ತಿತ್ತು. ಕೂತಾಗ ಮೈಭಾರವನ್ನು ಸೊಂಟದ ಕೆಳಗಿನ ಎರಡು ಎಲುಬುಗಳು ಹೊರಬೇಕು. ಹೆಂಗಸರಲ್ಲಿ ಇವುಗಳ ನಡುವಿನ ಅಂತರ ಸಾಮಾನ್ಯವಾಗಿ ಗಂಡಸರಿಗಿಂತ ಹೆಚ್ಚು. ಗಂಡಸರ ಅಳತೆಯ ಕಿರಿದಾದ ಸೀಟಿನಲ್ಲಿ ಎಲುಬುಗಳಿಗೆ ಆಸರೆ ಸಿಗದೆ, ಭಾರವೆಲ್ಲ ನಡುವಿನ ಮೃದುಭಾಗದ ಮೇಲೆ ಬಿದ್ದು ಮರಗಟ್ಟುವಿಕೆ, ಊತ, ಹುಣ್ಣು ಆಗುತ್ತವೆ. ಹ್ಯಾಂಡಲ್ ತೀರ ತಗ್ಗಿನಲ್ಲಿದ್ದರೆ ಮೈ ಮುಂದಕ್ಕೆ ಬಾಗಿ ಒತ್ತಡ ಇನ್ನೂ ಏರುತ್ತದೆ. 1890ರ ದಶಕದಲ್ಲೇ ಕೆಲವು ತಯಾರಕರು ಇದನ್ನು ಅರಿತು, ಎಲುಬುಗಳಿಗೆ ಎರಡು ಮೆತ್ತೆ ಕೊಟ್ಟು ನಡುವೆ ತಗ್ಗು ಬಿಟ್ಟ ಸೀಟುಗಳನ್ನು ಮಾಡಿದರು. ಅಮೆರಿಕದ ‘ಕ್ರಿಸ್ಟಿ’ ಸೀಟಿನ ಜಾಹೀರಾತಿನಲ್ಲಿ ಸೀಟಿನ ಮೇಲೆ ಸೊಂಟದ ಎಲುಬುಗೂಡಿನ ಚಿತ್ರವನ್ನೇ ಕೂರಿಸಿದ್ದರು. ನಡುವೆ ತಗ್ಗು ಬಿಟ್ಟ ಸೀಟುಗಳನ್ನು ಈಗ ಹೆಂಗಸರ ಜೊತೆಗೆ ಗಂಡಸರಿಗೂ ಮಾರುತ್ತಾರೆ.