ಮೊಬೈಲ್ ಜಾಲದ ವಿನ್ಯಾಸ: ರೇಡಿಯೊ ಜಾಲ ಮತ್ತು ಕೋರ್ ಜಾಲದ ಇತಿಹಾಸ

ಮೊಬೈಲ್ ದೂರಸಂಪರ್ಕ ಜಾಲಕ್ಕೆ ಎರಡು ಮುಖ್ಯ ಅಂಗಗಳಿವೆ. ಟವರು, ಆಂಟೆನಾ ಮತ್ತು ಅವನ್ನು ನಡೆಸುವ ಯಂತ್ರಗಳು ಸೇರಿ ರೇಡಿಯೊ ಪ್ರವೇಶ ಜಾಲ. ಗ್ರಾಹಕರ ಫೋನಿನೊಡನೆ ತರಂಗಗಳ ಮೂಲಕ ಸಂಪರ್ಕ ಇಟ್ಟುಕೊಳ್ಳುವುದು ಇದರ ಕೆಲಸ. ಅದರ ಹಿಂದಿರುವುದು ಕೋರ್ ಜಾಲ. ಗ್ರಾಹಕರು ಯಾರು, ಎಲ್ಲಿದ್ದಾರೆ, ಯಾವ ಸೇವೆಗೆ ಅರ್ಹರು ಎಂಬುದನ್ನು ನೋಡಿಕೊಂಡು ಕರೆ ಮತ್ತು ದತ್ತಾಂಶಗಳನ್ನು ಸೇರಬೇಕಾದಲ್ಲಿಗೆ ಸೇರಿಸುವುದು ಇದರ ಹೊಣೆ. ಯಾವ ತೀರ್ಮಾನ ಟವರಿನ ಬುಡದಲ್ಲೇ ಆಗಬೇಕು, ಯಾವುದು ದೂರದ ಕೇಂದ್ರದಲ್ಲಿ ಆಗಬೇಕು ಎಂಬ ಪ್ರಶ್ನೆಗೆ ಪ್ರತಿ ಪೀಳಿಗೆಯೂ ಬೇರೆ ಉತ್ತರ ಕೊಟ್ಟಿದೆ. ಅದರ ಜೊತೆಗೇ ಬಂದ ಇನ್ನೊಂದು ಪ್ರಶ್ನೆಯೂ ಅಷ್ಟೇ ಮುಖ್ಯ: ಈ ಅಂಗಗಳು ಕೂಡುವ ಗಡಿಯ ನಿಯಮಗಳು ಎಲ್ಲ ತಯಾರಕರಿಗೂ ತೆರೆದಿರಬೇಕೆ, ಒಬ್ಬರ ಸ್ವತ್ತಾಗಿರಬೇಕೆ?

ಸೆಲ್ ಕಲ್ಪನೆ ಮತ್ತು ಮೊದಲ ಪೀಳಿಗೆ

1940ರ ದಶಕದಲ್ಲಿ ಅಮೆರಿಕದ ನಗರಗಳಲ್ಲಿದ್ದ ವಾಹನ ಫೋನ್ ವ್ಯವಸ್ಥೆಯಲ್ಲಿ ಎತ್ತರದ ಒಂದೇ ಪ್ರಸಾರಕ ಇಡೀ ಊರಿಗೆ ಸಿಗ್ನಲ್ ಕೊಡುತ್ತಿತ್ತು. ಒಂದು ಚಾನೆಲನ್ನು ಒಬ್ಬರು ಹಿಡಿದರೆ ಊರಿನ ಉಳಿದವರಿಗೆ ಅದು ಸಿಗುತ್ತಿರಲಿಲ್ಲ. 1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬೊರೇಟರೀಸ್‌ನ ಡಿ. ಎಚ್. ರಿಂಗ್ ಒಂದು ಆಂತರಿಕ ಟಿಪ್ಪಣಿಯಲ್ಲಿ ಇದಕ್ಕೆ ಪರಿಹಾರ ಸೂಚಿಸಿದರು. ಪ್ರದೇಶವನ್ನು ಆರು ಮೂಲೆಯ ಸಣ್ಣ ಸೆಲ್‌ಗಳಾಗಿ ಹಂಚಿ, ಸೆಲ್ಲಿಗೊಂದು ಕಡಿಮೆ ಶಕ್ತಿಯ ಪ್ರಸಾರಕವನ್ನಿಟ್ಟರೆ, ತುಸು ದೂರದ ಸೆಲ್‌ನಲ್ಲಿ ಅದೇ ಆವರ್ತನವನ್ನು ಮತ್ತೆ ಬಳಸಬಹುದು. ಚಲಿಸುವ ವಾಹನದ ಕರೆಯನ್ನು ತುಂಡಾಗದಂತೆ ಒಂದು ಸೆಲ್‌ನಿಂದ ಇನ್ನೊಂದಕ್ಕೆ ದಾಟಿಸಲು ಬೇಕಾದ ಎಲೆಕ್ಟ್ರಾನಿಕ್ ಸ್ವಿಚ್ಚು ಮತ್ತು ಮೈಕ್ರೊಪ್ರೊಸೆಸರು ಕೈಗೆ ಬರಲು ಮಾತ್ರ 1970ರ ದಶಕದವರೆಗೆ ಕಾಯಬೇಕಾಯಿತು.

ಮೊದಲ ವಾಣಿಜ್ಯ ಸೆಲ್ಯುಲರ್ ಜಾಲವನ್ನು ಜಪಾನಿನ ಎನ್‌ಟಿಟಿ 1979ರಲ್ಲಿ ಟೋಕಿಯೊದಲ್ಲಿ ಆರಂಭಿಸಿತು. 1981ರಲ್ಲಿ ನಾರ್ಡಿಕ್ ದೇಶಗಳ ಎನ್‌ಎಂಟಿ, 1983ರ ಅಕ್ಟೋಬರಿನಲ್ಲಿ ಶಿಕಾಗೊದ ಎಎಂಪಿಎಸ್ ಬಂದವು. ಎಎಂಪಿಎಸ್‌ನಲ್ಲಿ ಅಧಿಕಾರವೆಲ್ಲ ಕೇಂದ್ರದ ಸ್ವಿಚ್ಚಿನದು. ಟವರುಗಳು ಸಿಗ್ನಲಿನ ಬಲವನ್ನು ಅಳೆದು ವರದಿ ಮಾಡುತ್ತಿದ್ದವು. ಕರೆಯನ್ನು ಯಾವ ಸೆಲ್ಲಿಗೆ ದಾಟಿಸಬೇಕೆಂದು ಸ್ವಿಚ್ಚು ನಿರ್ಧರಿಸುತ್ತಿತ್ತು. ಎನ್‌ಎಂಟಿಯ ಹೆಚ್ಚುಗಾರಿಕೆ ಬೇರೆಯದು. ಅದರ ತಾಂತ್ರಿಕ ವಿವರಗಳು ಎಲ್ಲ ತಯಾರಕರಿಗೂ ತೆರೆದಿದ್ದವು, ಒಂದೇ ಫೋನು ಹಲವು ದೇಶಗಳಲ್ಲಿ ನಡೆಯುತ್ತಿತ್ತು.

ಜಿಎಸ್‌ಎಂ: ಗಡಿಗಳ ಸ್ಪಷ್ಟ ನಕ್ಷೆ

1982ರಲ್ಲಿ ಯುರೋಪಿನ ಅಂಚೆ ಮತ್ತು ದೂರಸಂಪರ್ಕ ಆಡಳಿತಗಳ ಒಕ್ಕೂಟ ರಚಿಸಿದ ತಂಡವೊಂದು ಇಡೀ ಖಂಡಕ್ಕೆ ಒಂದೇ ಡಿಜಿಟಲ್ ವ್ಯವಸ್ಥೆ ರೂಪಿಸಲು ಹೊರಟಿತು. ಅದರ ಫಲ ಜಿಎಸ್‌ಎಂ. 1991ರ ಜುಲೈ 1ರಂದು ಫಿನ್ಲೆಂಡಿನಲ್ಲಿ ಆ ದೇಶದ ಮಾಜಿ ಪ್ರಧಾನಿ ಹ್ಯಾರಿ ಹೋಲ್ಕೇರಿ ಅದರ ಮೊದಲ ಕರೆ ಮಾಡಿದರು.

ಇಂದಿಗೂ ಬಳಕೆಯಲ್ಲಿರುವ ವಿಭಜನೆ ಸ್ಪಷ್ಟವಾಗಿ ಮೂಡಿದ್ದು ಜಿಎಸ್‌ಎಂನಲ್ಲಿ. ಟವರಿನ ಬಳಿ ಬೇಸ್ ಸ್ಟೇಷನ್, ಹಲವು ಬೇಸ್ ಸ್ಟೇಷನ್‌ಗಳ ಮೇಲೆ ಒಂದು ನಿಯಂತ್ರಕ, ಅದರಾಚೆ ಎಂಎಸ್‌ಸಿ ಎಂಬ ಸ್ವಿಚ್ಚು. ಗ್ರಾಹಕರ ವಿವರಗಳಿಗೆ ಎರಡು ದಾಖಲೆಗಳು. ತವರು ದಾಖಲೆಯಾದ ಎಚ್‌ಎಲ್‌ಆರ್‌ನಲ್ಲಿ ಶಾಶ್ವತ ವಿವರ ಇರುತ್ತದೆ. ಗ್ರಾಹಕರು ಈಗ ಇರುವ ಪ್ರದೇಶದ ವಿಎಲ್‌ಆರ್‌ನಲ್ಲಿ ತಾತ್ಕಾಲಿಕ ನಕಲು ಇರುತ್ತದೆ. ಬೆಂಗಳೂರಿನ ಗ್ರಾಹಕರು ದೆಹಲಿಯಲ್ಲಿ ಇಳಿದು ಫೋನ್ ಆನ್ ಮಾಡಿದರೆ ಅಲ್ಲಿನ ವಿಎಲ್‌ಆರ್ ಅವರ ತವರು ಎಚ್‌ಎಲ್‌ಆರ್‌ಗೆ ಸುದ್ದಿ ಮುಟ್ಟಿಸುತ್ತದೆ. ಜಾಲವು ಫೋನಿಗೆ ಒಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ. ಸಿಮ್ ತನ್ನೊಳಗಿನ ಗುಟ್ಟಿನ ಕೀಲಿಯಿಂದ ಉತ್ತರ ಲೆಕ್ಕ ಹಾಕಿ ಹಿಂದಿರುಗಿಸುತ್ತದೆ. ಕೀಲಿ ಮಾತ್ರ ಒಮ್ಮೆಯೂ ಗಾಳಿಗೆ ಬರುವುದಿಲ್ಲ. ಉತ್ತರ ಸರಿಹೊಂದಿದರೆ ಸೇವೆ ಸಿಗುತ್ತದೆ, ಆಮೇಲೆ ಬರುವ ಕರೆಗಳು ದೆಹಲಿಗೆ ಹರಿಯುತ್ತವೆ.

ರೇಡಿಯೊ ಜಾಲ ಮತ್ತು ಸ್ವಿಚ್ಚಿನ ನಡುವಿನ ಗಡಿಯನ್ನು ಪೂರ್ತಿ ಮಾನಕಗೊಳಿಸಿದ್ದರಿಂದ ಒಬ್ಬರ ಟವರ್ ಉಪಕರಣಕ್ಕೆ ಇನ್ನೊಬ್ಬರ ಸ್ವಿಚ್ಚನ್ನು ಜೋಡಿಸಬಹುದಾಯಿತು. ಬೇಸ್ ಸ್ಟೇಷನ್ ಮತ್ತು ಅದರ ನಿಯಂತ್ರಕದ ನಡುವಿನ ಗಡಿ ಮಾತ್ರ ಬಳಕೆಯಲ್ಲಿ ಆಯಾ ತಯಾರಕರ ಹಿಡಿತದಲ್ಲೇ ಉಳಿಯಿತು. ಭಾರತದಲ್ಲಿ 1995ರ ಜುಲೈ 31ರಂದು ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಅಂದಿನ ಕೇಂದ್ರ ದೂರಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದ ದೇಶದ ಮೊದಲ ಮೊಬೈಲ್ ಕರೆ ಜಿಎಸ್‌ಎಂ ಜಾಲದ್ದೇ.

ದತ್ತಾಂಶದ ಒತ್ತಡ: ಜಿಪಿಆರ್‌ಎಸ್ ಮತ್ತು 3ಜಿ

ಧ್ವನಿ ಕರೆಗೆ ಆರಂಭದಿಂದ ಕೊನೆಯವರೆಗೆ ಒಂದು ದಾರಿಯನ್ನು ಮೀಸಲಿಡುವ ಪದ್ಧತಿ ಇಂಟರ್‌ನೆಟ್‌ಗೆ ಒಗ್ಗುವಂಥದಲ್ಲ. 2000ದ ಆಸುಪಾಸಿನಲ್ಲಿ ಬಂದ ಜಿಪಿಆರ್‌ಎಸ್, ಹಳೆಯ ಸ್ವಿಚ್ಚಿನ ಪಕ್ಕದಲ್ಲೇ ಪ್ಯಾಕೆಟ್‌ಗಳಿಗಾಗಿ ಎರಡನೆಯ ಕೋರ್ ಕಟ್ಟಿತು. 1998ರಲ್ಲಿ ಸ್ಥಾಪನೆಯಾದ 3ಜಿಪಿಪಿ ಸಂಸ್ಥೆ 3ಜಿ ಮಾನಕಗಳಲ್ಲಿ ಈ ಜೋಡಿ ಕೋರನ್ನು ಮುಂದುವರಿಸಿತು. ಜಪಾನಿನ ಎನ್‌ಟಿಟಿ ಡೊಕೊಮೊ 2001ರ ಅಕ್ಟೋಬರಿನಲ್ಲಿ 3ಜಿ ಸೇವೆ ಆರಂಭಿಸಿತು.

3ಜಿಯಲ್ಲಿ ಫೋನು ಏಕಕಾಲಕ್ಕೆ ಹಲವು ಟವರುಗಳ ಜೊತೆ ಮಾತಾಡಬಲ್ಲದು. ಆ ಸಿಗ್ನಲುಗಳನ್ನು ಒಂದೆಡೆ ಕೂಡಿಸಬೇಕಾದ್ದರಿಂದ ಆರ್‌ಎನ್‌ಸಿ ಎಂಬ ಕೇಂದ್ರೀಯ ನಿಯಂತ್ರಕ ಬಲಿಷ್ಠವಾಯಿತು. ವೇಗದ ದತ್ತಾಂಶಕ್ಕೆ ಇದೇ ತೊಡಕಾಯಿತು. ರೇಡಿಯೊ ಪರಿಸ್ಥಿತಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಬದಲಾಗುತ್ತದೆ. ದೂರದ ನಿಯಂತ್ರಕಕ್ಕೆ ವರದಿ ಹೋಗಿ ಉತ್ತರ ಬರುವಷ್ಟರಲ್ಲಿ ಆ ವರದಿ ಹಳತಾಗಿರುತ್ತದೆ. ಹಾಗಾಗಿ 3ಜಿಯ ವೇಗದ ದತ್ತಾಂಶ ವಿಸ್ತರಣೆಯಾದ ಎಚ್‌ಎಸ್‌ಡಿಪಿಎಯಲ್ಲಿ, ಯಾವ ಗ್ರಾಹಕರಿಗೆ ಯಾವ ಕ್ಷಣ ದತ್ತಾಂಶ ಕಳಿಸಬೇಕೆಂಬ ತೀರ್ಮಾನವನ್ನು ಟವರಿಗೇ ಒಪ್ಪಿಸಲಾಯಿತು. ಪ್ರತಿ 2 ಮಿಲಿಸೆಕೆಂಡಿಗೊಮ್ಮೆ ಟವರು ತಾನೇ ನಿರ್ಧರಿಸತೊಡಗಿತು.

4ಜಿ: ನಡುವಿನ ಹಂತದ ಕಣ್ಮರೆ

2008ರ ಕೊನೆಗೆ ಸಿದ್ಧವಾದ ಎಲ್‌ಟಿಇ ಮಾನಕ ಈ ಹಾದಿಯಲ್ಲಿ ಕೊನೆಯವರೆಗೂ ನಡೆಯಿತು. ಆರ್‌ಎನ್‌ಸಿಯನ್ನೇ ತೆಗೆದುಹಾಕಿ ಅದರ ಕೆಲಸವನ್ನು ಟವರಿನ ಯಂತ್ರಕ್ಕೆ ಕೊಟ್ಟಿತು; ಅಕ್ಕಪಕ್ಕದ ಟವರುಗಳು ಪರಸ್ಪರ ನೇರ ಮಾತಾಡಿ ಗ್ರಾಹಕರನ್ನು ದಾಟಿಸುವಂತಾಯಿತು. ಕೋರ್‌ನಲ್ಲಿ ಉಳಿದದ್ದು ಪ್ಯಾಕೆಟ್ ಜಾಲ ಮಾತ್ರ. ಗುರುತು ಮತ್ತು ಸಂಚಾರದ ನಿಯಂತ್ರಣ ಎಂಎಂಇ ಎಂಬ ಘಟಕಕ್ಕೆ, ದತ್ತಾಂಶ ಸಾಗಣೆ ಗೇಟ್‌ವೇಗಳಿಗೆ ಸೇರಿತು. 2009ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೊಗಳಲ್ಲಿ ಸೇವೆ ಶುರುವಾಯಿತು. ಭಾರತದಲ್ಲಿ 2012ರ ಏಪ್ರಿಲಿನಲ್ಲಿ ಕೋಲ್ಕತ್ತಕ್ಕೂ ಮೇ ತಿಂಗಳಲ್ಲಿ ಬೆಂಗಳೂರಿಗೂ 4ಜಿ ಬಂತು. ಆದರೆ ಧ್ವನಿ ಕರೆ ಬಂದಾಗ ಫೋನು ಹಳೆಯ 2ಜಿ, 3ಜಿ ಜಾಲಕ್ಕೆ ಇಳಿಯಬೇಕಿತ್ತು. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೊಗೆ ಹಳೆಯ ಜಾಲವೇ ಇರಲಿಲ್ಲ. ಧ್ವನಿಯನ್ನೂ ಅದು ಪ್ಯಾಕೆಟ್‌ಗಳಲ್ಲೇ ಸಾಗಿಸಿತು.

5ಜಿ: ಯಂತ್ರದಿಂದ ತಂತ್ರಾಂಶಕ್ಕೆ

2012ರ ಅಕ್ಟೋಬರಿನಲ್ಲಿ ಹಲವು ದೂರಸಂಪರ್ಕ ಕಂಪನಿಗಳು ಒಟ್ಟಾಗಿ ಒಂದು ಪ್ರಸ್ತಾವ ಹೊರಡಿಸಿದವು: ಜಾಲದ ಕೆಲಸಗಳಿಗೆ ವಿಶೇಷ ಯಂತ್ರಗಳ ಬದಲು ಸಾಮಾನ್ಯ ಸರ್ವರುಗಳ ಮೇಲೆ ಓಡುವ ತಂತ್ರಾಂಶ ಬಳಸಬೇಕು. 2018ರ ಜೂನಿನಲ್ಲಿ ಪೂರ್ಣಗೊಂಡ ಸ್ವತಂತ್ರ 5ಜಿ ಮಾನಕದ ಕೋರ್ ಈ ಚಿಂತನೆಯ ಮೇಲೆಯೇ ನಿಂತಿದೆ. ಅದರ ಘಟಕಗಳು ವೆಬ್‌ನ ಎಚ್‌ಟಿಟಿಪಿ ವಿಧಾನದಲ್ಲೇ ಪರಸ್ಪರ ಸೇವೆ ಕೇಳುತ್ತವೆ. ದತ್ತಾಂಶ ಸಾಗಿಸುವ ಯುಪಿಎಫ್ ಘಟಕವನ್ನು ನಿಯಂತ್ರಣದಿಂದ ಬೇರ್ಪಡಿಸಿರುವುದರಿಂದ ಅದನ್ನು ಗ್ರಾಹಕರಿಗೆ ಹತ್ತಿರದ ಊರಲ್ಲೋ ಒಂದು ಕಾರ್ಖಾನೆಯ ಆವರಣದಲ್ಲೋ ಇಡಬಹುದು. ಒಂದೇ ಜಾಲವನ್ನು ಬೇರೆ ಬೇರೆ ಅಗತ್ಯಗಳಿಗೆ ಪಾಲು ಮಾಡುವ ಸ್ಲೈಸಿಂಗ್ ಕೂಡ ಇದರಿಂದ ಸಾಧ್ಯವಾಯಿತು.

ರೇಡಿಯೊ ಜಾಲದಲ್ಲಿ ಭೌತನಿಯಮಗಳೇ ಮಿತಿ ಹಾಕಿದವು. ಆಂಟೆನಾ ಮಾತ್ರ ಟವರಿನಲ್ಲಿಟ್ಟು ಉಳಿದ ಸಂಸ್ಕರಣೆಯನ್ನು ಕೇಂದ್ರದಲ್ಲಿ ಒಟ್ಟುಗೂಡಿಸುವ ಯೋಜನೆಯನ್ನು 2010ರ ಹೊತ್ತಿಗೆ ಚೈನಾ ಮೊಬೈಲ್ ಮುಂದಿಟ್ಟಿತ್ತು. ಈ ಪದ್ಧತಿಯಲ್ಲಿ 20 ಮೆಗಾಹರ್ಟ್ಸ್ ಅಗಲದ 4ಜಿಗೆ ಆಂಟೆನಾವೊಂದಕ್ಕೆ ಸೆಕೆಂಡಿಗೆ ಸುಮಾರು 1.2 ಗಿಗಾಬಿಟ್ ಸಾಗಿಸಬೇಕು. 100 ಮೆಗಾಹರ್ಟ್ಸ್ ಅಗಲದ, 64 ಆಂಟೆನಾ ಸರಣಿಗಳಿರುವ 5ಜಿ ಘಟಕಕ್ಕೆ ಇದೇ ಲೆಕ್ಕ 300 ಗಿಗಾಬಿಟ್ ದಾಟುತ್ತದೆ. ಜೊತೆಗೆ ಫೈಬರಿನಲ್ಲಿ ಬೆಳಕಿಗೆ ಪ್ರತಿ ಕಿಲೋಮೀಟರಿಗೆ ಸುಮಾರು 5 ಮೈಕ್ರೊಸೆಕೆಂಡ್ ಬೇಕು. ತಪ್ಪಿದ ಪ್ಯಾಕೆಟನ್ನು ಮತ್ತೆ ಕಳಿಸುವ ಕ್ಷಿಪ್ರ ಕೆಲಸಕ್ಕೆ ಇಪ್ಪತ್ತು ಕಿಲೋಮೀಟರೇ ದೂರವಾಗುತ್ತದೆ. ಆದ್ದರಿಂದ 5ಜಿ ಬೇಸ್ ಸ್ಟೇಷನ್ನನ್ನು ಮೂರು ಹೋಳು ಮಾಡಲಾಯಿತು: ಟವರಿನ ಮೇಲೆ ರೇಡಿಯೊ ಘಟಕ, ಹತ್ತಿರದಲ್ಲಿ ಅವಸರದ ಕೆಲಸಗಳ ಡಿಯು, ದೂರದಲ್ಲಿ ನಿಧಾನದ ಕೆಲಸಗಳ ಸಿಯು. ಈ ಹೋಳುಗಳ ನಡುವಿನ ಗಡಿಗಳನ್ನು ಎಲ್ಲರಿಗೂ ತೆರೆಯಲೆಂದು 2018ರಲ್ಲಿ ಐದು ದೊಡ್ಡ ಕಂಪನಿಗಳು ಸೇರಿ ಓ-ರಾನ್ ಒಕ್ಕೂಟ ಸ್ಥಾಪಿಸಿದವು.

ಭಾರತದ ಪಾಲು

ಭಾರತದಲ್ಲಿ 5ಜಿ 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಜಿಯೊ ಸ್ವತಂತ್ರ 5ಜಿ ಕೋರ್ ಆಯ್ದುಕೊಂಡರೆ, ಏರ್‌ಟೆಲ್ ಮೊದಲಿಗೆ 4ಜಿ ಕೋರ್‌ನ ಆಸರೆಯಲ್ಲಿ ಹೊರಟಿತು.

ಅದಕ್ಕೂ ಮೊದಲೇ ಮಾನಕ ರಚನೆಯಲ್ಲಿ ದೇಶದ ಸಂಶೋಧಕರು ಒಂದು ಮುಖ್ಯ ಕೆಲಸ ಮಾಡಿದ್ದರು. ನಮ್ಮ ಹಳ್ಳಿಗಳಲ್ಲಿ ಫೈಬರ್ ತಲುಪುವುದು ಸಾಮಾನ್ಯವಾಗಿ ಗ್ರಾಮ ಪಂಚಾಯಿತಿ ಕೇಂದ್ರದವರೆಗೆ. ಒಂದು ಟವರು ಸುತ್ತಲಿನ ಹಲವು ಊರುಗಳನ್ನು ತಲುಪಬೇಕು. 5ಜಿ ತಂತ್ರಜ್ಞಾನಗಳ ಗ್ರಾಮೀಣ ಪರೀಕ್ಷೆಯಲ್ಲಿ ಟವರುಗಳ ನಡುವೆ 6 ಕಿಲೋಮೀಟರ್ ಅಂತರದ ಷರತ್ತೂ ಇರಬೇಕೆಂಬ ಭಾರತದ ವಾದವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಪ್ಪಿತು. ಈ ಅಗತ್ಯಕ್ಕೆ ರೂಪಿಸಿದ ಭಾರತದ 5ಜಿಐ ಮಾನಕ ಮುಂದೆ 3ಜಿಪಿಪಿ ಮಾನಕದಲ್ಲಿ ಲೀನವಾಯಿತು. 2022ರಲ್ಲಿ ಉದ್ಘಾಟನೆಯಾದ ಸ್ವದೇಶಿ 5ಜಿ ಪರೀಕ್ಷಾ ವ್ಯವಸ್ಥೆಯಲ್ಲಿ ಐಐಟಿಗಳೊಡನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿತ್ತು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್ ಕೋರ್ ಜಾಲವನ್ನೂ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ರೇಡಿಯೊ ಉಪಕರಣಗಳನ್ನೂ ಒದಗಿಸಿದವು. ಟಿಸಿಎಸ್ ಅವೆರಡನ್ನು ಜೋಡಿಸಿತು. 2025ರ ಸೆಪ್ಟೆಂಬರಿನಲ್ಲಿ ಇದು ರಾಷ್ಟ್ರಕ್ಕೆ ಸಮರ್ಪಣೆಯಾಯಿತು.

6ಜಿಯತ್ತ

2023ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 6ಜಿ ಎನ್ನಲಾಗುವ 2030ರ ವ್ಯವಸ್ಥೆಗೆ ಚೌಕಟ್ಟು ಪ್ರಕಟಿಸಿತು. ಕೃತಕ ಬುದ್ಧಿಮತ್ತೆ ಬೆರೆತ ಸಂವಹನ, ರೇಡಿಯೊ ತರಂಗಗಳಿಂದಲೇ ಪರಿಸರವನ್ನು ಗ್ರಹಿಸುವ ಸಾಮರ್ಥ್ಯ ಮತ್ತು ಎಲ್ಲೆಡೆ ಸಂಪರ್ಕ ಅದರಲ್ಲಿ ಸೇರಿವೆ. ತೀರ್ಮಾನ ಎಲ್ಲಿ ಆಗಬೇಕೆಂಬ ಹಳೆಯ ಪ್ರಶ್ನೆ ಇಲ್ಲಿ ಇನ್ನಷ್ಟು ಕಠಿಣವಾಗುತ್ತದೆ, ಏಕೆಂದರೆ ಕಲಿತು ನಿರ್ಧರಿಸುವ ತಂತ್ರಾಂಶವನ್ನು ಟವರಿನಲ್ಲೂ ಕೇಂದ್ರದಲ್ಲೂ ಉಪಗ್ರಹದಲ್ಲೂ ಇಡಬಹುದು. ಮಾನಕ ಬರೆಯುವ ಮೇಜಿನಲ್ಲಿ ಯಾರ ಊರಿನ ಅಗತ್ಯ ಮಂಡನೆಯಾಗುತ್ತದೋ ಆ ಊರಿಗೆ ಹೊಂದುವ ಜಾಲ ರೂಪುಗೊಳ್ಳುತ್ತದೆ ಎಂಬುದಕ್ಕೆ 6 ಕಿಲೋಮೀಟರಿನ ಷರತ್ತೇ ಸಾಕ್ಷಿ. ವಿನ್ಯಾಸ ಇನ್ನೂ ಗಟ್ಟಿಯಾಗದ ಈ ವರ್ಷಗಳಲ್ಲೇ ಆ ಮೇಜಿನಲ್ಲಿ ನಮ್ಮ ಎಂಜಿನಿಯರುಗಳು ಇರಬೇಕು.