ಅಳಿವೆಯ ಊರಿನ ಅಳಿವು: ನ್ಯೂ ಬ್ರೈಟನ್ನಿನ ಛಾಯಾಚಿತ್ರಗಳು

ಕಾಂಕ್ರೀಟ್ ನೆಲದ ಮೇಲೆ ಟವೆಲು ಹಾಸಿಕೊಂಡು ಹೆಂಗಸೊಬ್ಬಳು ಬೋರಲಾಗಿ ಮಲಗಿ ಬಿಸಿಲು ಕಾಯುತ್ತಿದ್ದಾಳೆ. ಬಳಿಯಲ್ಲೊಂದು ಮಗು. ಅವರ ಬೆನ್ನಿಗೇ ಮಣ್ಣು ಅಗೆಯುವ ಭಾರಿ ಯಂತ್ರವೊಂದರ ಕಬ್ಬಿಣದ ಪಟ್ಟಿಗಳು. ವಿಹಾರಕ್ಕೂ ಕಾಮಗಾರಿಗೂ ನಡುವೆ ಒಂದು ಮಾರಿನ ಅಂತರವೂ ಇಲ್ಲ. ಈ ಛಾಯಾಚಿತ್ರವನ್ನು ಮೊದಲ ಸಲ ಕಂಡವರಿಗೆ ನಗು ಬರುತ್ತದೆ. ಮರುಕ್ಷಣವೇ ನಕ್ಕದ್ದು ಸರಿಯೇ ಎಂಬ ಸಂಕೋಚವೂ ಮೂಡುತ್ತದೆ. ಮಾರ್ಟಿನ್ ಪಾರ್ 1983ರಿಂದ 1985ರವರೆಗೆ ಇಂಗ್ಲೆಂಡಿನ ನ್ಯೂ ಬ್ರೈಟನ್ನಿನಲ್ಲಿ ತೆಗೆದ ಚಿತ್ರಗಳ ಸುತ್ತ ಎದ್ದ ವಿವಾದವೆಲ್ಲ ಈ ನಗು ಮತ್ತು ಸಂಕೋಚಗಳ ನಡುವೆಯೇ ಇದೆ.

ಮರ್ಸಿ ನದಿ ಕಡಲನ್ನು ಸೇರುವ ಅಳಿವೆಯಲ್ಲಿ, ಲಿವರ್‌ಪೂಲ್ ನಗರದ ಎದುರು ದಡದಲ್ಲಿ ಇರುವ ಊರು ನ್ಯೂ ಬ್ರೈಟನ್. 1830ರಲ್ಲಿ ಜೇಮ್ಸ್ ಅಥರ್ಟನ್ ಎಂಬ ಲಿವರ್‌ಪೂಲಿನ ವರ್ತಕ ಇಲ್ಲಿಯ ಮರಳುದಿಬ್ಬಗಳ ನೆಲವನ್ನು ಕೊಂಡು, ದಕ್ಷಿಣದ ಶ್ರೀಮಂತ ಬ್ರೈಟನ್ನಿನ ಮಾದರಿಯಲ್ಲಿ ಸಿರಿವಂತರಿಗಾಗಿ ಒಂದು ವಿಹಾರಧಾಮವನ್ನು ಕಟ್ಟಹೊರಟ. ಹೆಸರಿನಲ್ಲಿಯೇ ಅವನ ಆಸೆ ಉಳಿದಿದೆ. ಆದರೆ ಬಂದವರು ಬೇರೆಯವರು. ಹಬೆದೋಣಿಗಳು ಲಿವರ್‌ಪೂಲಿನ ಹಡಗುಕಟ್ಟೆಯ ಕೂಲಿಗಳನ್ನೂ ಲ್ಯಾಂಕಶೈರಿನ ಹತ್ತಿಗಿರಣಿಗಳ ಕೆಲಸಗಾರರನ್ನೂ ರಜಾದಿನಗಳಲ್ಲಿ ಹೊತ್ತು ತಂದವು. ದಡದ ಒಂದು ಸಾಲು ತಿಂಡಿ ಅಂಗಡಿಗಳಿಗೆ 'ಹ್ಯಾಮ್ ಅಂಡ್ ಎಗ್ ಪರೇಡ್' ಎಂಬ ಹೆಸರೇ ಬಿದ್ದಿತ್ತು. ಅಲ್ಲಿಯ ಗದ್ದಲವನ್ನು ಸಹಿಸದ ಮರ್ಯಾದಸ್ಥರ ದೂರುಗಳ ನಡುವೆ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಆ ಸಾಲನ್ನು ಕೆಡವಿಹಾಕಲಾಯಿತು. ಬಡವರ ಸಂತೋಷ ನೋಡುವುದಕ್ಕೆ ಚೆಂದವಲ್ಲ ಎಂಬ ಆಕ್ಷೇಪ ಈ ಊರಿನಲ್ಲಿ ಕ್ಯಾಮೆರಾಕ್ಕಿಂತ ಮೊದಲೇ ಹುಟ್ಟಿದ್ದು ಎಂಬುದನ್ನು ನೆನಪಿಡಬೇಕು.

ಊರಿನ ಏಳುಬೀಳುಗಳನ್ನು ಅದರ ಕಟ್ಟಡಗಳೇ ಹೇಳುತ್ತವೆ. 1898ರಿಂದ 1900ರ ಅವಧಿಯಲ್ಲಿ ಇಲ್ಲಿ 567 ಅಡಿ ಎತ್ತರದ ಉಕ್ಕಿನ ಗೋಪುರವೊಂದು ಎದ್ದಿತು. ಬ್ಲ್ಯಾಕ್‌ಪೂಲಿನ ಪ್ರಸಿದ್ಧ ಗೋಪುರವನ್ನೂ ಮೀರಿಸಿ, ಅಂದಿನ ಬ್ರಿಟನ್ನಿನಲ್ಲೇ ಅತಿ ಎತ್ತರದ ಕಟ್ಟಡವೆನಿಸಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಮುಚ್ಚಿದ ಗೋಪುರ ಆರೈಕೆಯಿಲ್ಲದೆ ತುಕ್ಕು ಹಿಡಿಯಿತು; 1919ರಿಂದ 1921ರ ನಡುವೆ ಅದನ್ನು ಬಿಚ್ಚಿ ಇಳಿಸಲಾಯಿತು. ಬುಡದಲ್ಲಿದ್ದ ನೃತ್ಯಶಾಲೆ ಮಾತ್ರ ಉಳಿಯಿತು. ಲೋಕಪ್ರಸಿದ್ಧರಾಗುವ ಮುನ್ನ ಬೀಟಲ್ಸ್ ತಂಡದವರು ಅಲ್ಲಿ ಹಲವು ಸಲ ಹಾಡಿದ್ದರು. 1969ರಲ್ಲಿ ಅದೂ ಬೆಂಕಿಗೆ ಆಹುತಿಯಾಯಿತು. 1971ರಲ್ಲಿ ಲಿವರ್‌ಪೂಲಿನಿಂದ ಬರುತ್ತಿದ್ದ ದೋಣಿ ನಿಂತಿತು. ನೀರಿನೊಳಕ್ಕೆ ಚಾಚಿದ್ದ ವಿಹಾರಕಟ್ಟೆಯನ್ನು 1978ರಲ್ಲಿ ಕೆಡವಿದರು. ಅಷ್ಟರಲ್ಲಿ ಅಗ್ಗದ ವಿಮಾನಪ್ರವಾಸಗಳು ಬಂದು, ಕೈಯಲ್ಲಿ ನಾಲ್ಕು ಕಾಸು ಇದ್ದವರೆಲ್ಲ ಸ್ಪೇನಿನ ಬಿಸಿಲಿಗೆ ಹೋಗತೊಡಗಿದ್ದರು. ನ್ಯೂ ಬ್ರೈಟನ್ನಿಗೆ ರೈಲು ಮಾತ್ರ ಉಳಿದಿತ್ತು. ಸ್ಪೇನಿಗೆ ಹೋಗಲಾರದವರು ಆ ರೈಲು ಹತ್ತಿ, ಮಕ್ಕಳನ್ನು ಕಟ್ಟಿಕೊಂಡು, ಒಂದು ದಿನದ ಮಟ್ಟಿಗೆ ಬರುತ್ತಲೇ ಇದ್ದರು. ಹಡಗುಕಟ್ಟೆಗಳ ಕೆಲಸ ಕರಗಿ ಲಿವರ್‌ಪೂಲಿನಲ್ಲಿ ನಿರುದ್ಯೋಗ ಏರಿದ್ದ ದಿನಗಳವು. 1981ರಲ್ಲಿ ಅಲ್ಲಿಯ ಟಾಕ್ಸ್‌ಟೆತ್ ಬಡಾವಣೆಯಲ್ಲಿ ದಂಗೆಯೂ ನಡೆದಿತ್ತು.

ಇಂಥ ಸಮಯದಲ್ಲಿ, 1982ರಲ್ಲಿ, ಪಾರ್ ಐರ್ಲೆಂಡಿನಿಂದ ಮರಳಿ ನ್ಯೂ ಬ್ರೈಟನ್ನಿಗೆ ಅಂಟಿಕೊಂಡಂತಿರುವ ವಾಲಸಿಯಲ್ಲಿ ಮನೆ ಮಾಡಿದರು. ಇವರು ದಕ್ಷಿಣದ ಸರ್ರೆಯ ಮಧ್ಯಮವರ್ಗದಲ್ಲಿ 1952ರಲ್ಲಿ ಹುಟ್ಟಿ, ಮ್ಯಾಂಚೆಸ್ಟರಿನಲ್ಲಿ ಛಾಯಾಗ್ರಹಣ ಕಲಿತವರು. ಅಲ್ಲಿಯವರೆಗೆ ಅವರ ಹೆಸರು ನಿಂತಿದ್ದದ್ದು ಕಪ್ಪು-ಬಿಳುಪಿನ ಚಿತ್ರಗಳ ಮೇಲೆ. ಆಗಿನ ಬ್ರಿಟನ್ನಿನಲ್ಲಿ ಬಣ್ಣವೆಂದರೆ ಜಾಹೀರಾತಿಗೆ, ಪಿಕ್ಚರ್ ಪೋಸ್ಟ್‌ಕಾರ್ಡಿಗೆ, ಮನೆಯ ಆಲ್ಬಮ್ಮಿಗೆ ಸೇರಿದ್ದು. ಬಡತನವನ್ನು ದಾಖಲಿಸುವ ಗಂಭೀರ ಛಾಯಾಗ್ರಾಹಕ ಕಪ್ಪು-ಬಿಳುಪನ್ನೇ ಬಳಸಬೇಕು ಎಂಬುದು ಅಲಿಖಿತ ನಿಯಮ. ಪಾರ್ ಅದನ್ನು ಮುರಿದು, ದೊಡ್ಡ ನೆಗೆಟಿವ್ ಕೊಡುವ ಪ್ಲಾಬೆಲ್ ಕ್ಯಾಮೆರಾದಲ್ಲಿ ಬಣ್ಣದ ಫಿಲ್ಮ್ ತುಂಬಿ, ಹಟ್ಟಹಗಲಿನಲ್ಲೂ ಫ್ಲ್ಯಾಷ್ ಹಾಕಿ ಚಿತ್ರ ತೆಗೆದರು.

ಈ ತಾಂತ್ರಿಕ ಆಯ್ಕೆಯ ಪರಿಣಾಮ ಸಣ್ಣದಲ್ಲ. ಕಪ್ಪು-ಬಿಳುಪು ಬಡತನಕ್ಕೆ ಒಂದು ಗಾಂಭೀರ್ಯವನ್ನು ಕೊಡುತ್ತದೆ. ನೆರಳಿನಲ್ಲಿ ಕೆಲವನ್ನು ಮರೆಸಿ, ನೋಡುವವನ ಮರುಕಕ್ಕೆ ಜಾಗ ಮಾಡಿಕೊಡುತ್ತದೆ. ಫ್ಲ್ಯಾಷಿನ ಬೆಳಕು ಯಾವುದನ್ನೂ ಮರೆಸುವುದಿಲ್ಲ. ಬಿಸಿಲಿಗೆ ಕೆಂಪಡರಿದ ಮೈ, ಮಗುವಿನ ಕೈಮೇಲೆ ಕರಗಿ ಇಳಿಯುವ ಐಸ್‌ಕ್ರೀಮು, ನೆಲದ ಮೇಲೆ ಚೆಲ್ಲಿದ ತಿಂಡಿಕಾಗದ ಎಲ್ಲವೂ ಒಂದೇ ಹೊಳಪಿನಲ್ಲಿ ಎದ್ದು ನಿಲ್ಲುತ್ತವೆ. ಜಾಹೀರಾತಿನ ಬಣ್ಣಗಳಲ್ಲಿ ಜಾಹೀರಾತಿಗೆ ಸಲ್ಲದ ಲೋಕ ಕಾಣಿಸಿಕೊಂಡಿತು. ನಲವತ್ತು ಚಿತ್ರಗಳ ಆ ಪುಸ್ತಕ 1986ರಲ್ಲಿ 'ದಿ ಲಾಸ್ಟ್ ರೆಸಾರ್ಟ್' ಎಂಬ ಹೆಸರಿನಲ್ಲಿ ಹೊರಬಂತು. ಆ ಹೆಸರಿಗೆ ಕೊನೆಯ ವಿಹಾರಧಾಮ ಎಂಬ ಅರ್ಥವೂ ಇದೆ, ಬೇರೆ ಗತಿಯಿಲ್ಲದಾಗ ಹಿಡಿಯುವ ಕೊನೆಯ ದಾರಿ ಎಂಬ ಅರ್ಥವೂ ಇದೆ.

ಅದೇ ವರ್ಷ ಈ ಚಿತ್ರಗಳು ಲಿವರ್‌ಪೂಲಿನ ಓಪನ್ ಐ ಗ್ಯಾಲರಿಯಲ್ಲೂ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯಲ್ಲೂ ಪ್ರದರ್ಶನಗೊಂಡವು. ಲಿವರ್‌ಪೂಲಿನಲ್ಲಿ ಹೆಚ್ಚಿನ ಗದ್ದಲವಾಗಲಿಲ್ಲ; ನೋಡಲು ಬಂದವರಿಗೆ ಅದು ತಮ್ಮ ಭಾನುವಾರ. ವಿವಾದ ಎದ್ದದ್ದು ಲಂಡನ್ನಿನಲ್ಲಿ: ಮಧ್ಯಮವರ್ಗದವನೊಬ್ಬ ದುಡಿಯುವ ವರ್ಗವನ್ನು ಹಾಸ್ಯಕ್ಕೆ ಗುರಿಮಾಡಿದ್ದಾನೆ ಎಂಬ ಆರೋಪ. ಪಾರ್ 1994ರಲ್ಲಿ ಮ್ಯಾಗ್ನಂ ಸಂಸ್ಥೆಯ ಪೂರ್ಣ ಸದಸ್ಯರಾಗುವಾಗಲೂ, ವಿಯೆಟ್ನಾಂ ಯುದ್ಧವನ್ನು ದಾಖಲಿಸಿದ ಹಿರಿಯ ಛಾಯಾಗ್ರಾಹಕ ಫಿಲಿಪ್ ಜೋನ್ಸ್ ಗ್ರಿಫಿತ್ಸ್ ತೀವ್ರವಾಗಿ ವಿರೋಧಿಸಿದ್ದರು.

ಆರೋಪವನ್ನು ತಳ್ಳಿಹಾಕುವಂತಿಲ್ಲ. ಕಸದ ರಾಶಿಯ ನಡುವೆ ಕುಟುಂಬವೊಂದು ಆಲೂ ಚಿಪ್ಸ್ ತಿನ್ನುತ್ತಿರುವ ಕ್ಷಣವನ್ನು ಆರಿಸಿದ್ದು ಛಾಯಾಗ್ರಾಹಕನೇ. ಚಿತ್ರದಲ್ಲಿರುವವರಿಗೆ ಹೆಸರಿಲ್ಲ, ಮಾತಿಲ್ಲ. ಅದೇ ಕಾಲದಲ್ಲಿ ಅದೇ ಊರಿನಲ್ಲಿ ನೆಲೆಸಿದ್ದ ಟಾಮ್ ವುಡ್ ಅವರನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಐರ್ಲೆಂಡಿನಲ್ಲಿ ಹುಟ್ಟಿದ ವುಡ್ ಮರ್ಸಿಯ ದಡದಲ್ಲಿ ಸುಮಾರು ಇಪ್ಪತ್ತೈದು ವರ್ಷ ಚಿತ್ರ ತೆಗೆದರು. ಸ್ಥಳೀಯರು ಅವರನ್ನು 'ಫೋಟಿ ಮ್ಯಾನ್' ಎಂದು ಕರೆಯುತ್ತಿದ್ದರು. ನ್ಯೂ ಬ್ರೈಟನ್ನಿನ ಚೆಲ್ಸಿ ರೀಚ್ ಎಂಬ ನೈಟ್‌ಕ್ಲಬ್ಬಿನಲ್ಲಿ ತರುಣ ತರುಣಿಯರ ಚಿತ್ರಗಳನ್ನು ತೆಗೆದು 1989ರಲ್ಲಿ 'ಲುಕಿಂಗ್ ಫಾರ್ ಲವ್' ಪುಸ್ತಕವಾಗಿಸಿದರು. ವುಡ್ ಅವರ ಚಿತ್ರಗಳಲ್ಲಿ ಊರು ಅಳಿಯುತ್ತಿದೆ ಎಂಬ ಭಾವ ಹುಡುಕಿದರೂ ಸಿಗದು. ಅಲ್ಲಿರುವವರಿಗೆ ಅಂದು ಶನಿವಾರ ರಾತ್ರಿ, ಅಷ್ಟೆ.

ಆದರೂ ಪಾರ್ ಅವರ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದಾಗ ನನಗೆ ತೋರುವುದು ಇದು: ಅಲ್ಲಿ ಶಿಥಿಲವಾಗಿರುವುದು ಊರು, ಜನರಲ್ಲ. ಬಿರುಕುಬಿಟ್ಟ ಕಾಂಕ್ರೀಟು, ತುಂಬಿ ತುಳುಕುವ ಕಸದ ಡಬ್ಬಿ ಇವೆಲ್ಲ ಆಡಳಿತವೂ ಬಂಡವಾಳವೂ ಕೈಬಿಟ್ಟ ಊರೊಂದರ ಗುರುತುಗಳು. ಅವುಗಳ ನಡುವೆಯೇ ತಾಯಂದಿರು ಮಕ್ಕಳ ಮುಖ ಒರೆಸುತ್ತಿದ್ದಾರೆ, ಐಸ್‌ಕ್ರೀಮ್ ಅಂಗಡಿಯ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಾಳೆ. ಕೊಳಕನ್ನು ಕಂಡು ಜನರನ್ನು ಕಾಣದೆ ಹೋದರೆ ಆ ತಪ್ಪಿನಲ್ಲಿ ಅರ್ಧ ಪಾಲು ನೋಡುವ ನಮ್ಮದು. ಜುಹೂ, ಮರೀನಾಗಳ ಭಾನುವಾರದ ಸಂದಣಿಯನ್ನು ಕಂಡು ಮೂಗು ಮುರಿಯುವ ನಮ್ಮಂಥವರಿಗೆ ಇದು ಪರಕೀಯ ಪ್ರಶ್ನೆಯೇನಲ್ಲ.

2018ರಲ್ಲಿ ಪಾರ್, ವುಡ್ ಮತ್ತು ಲಿವರ್‌ಪೂಲಿನವರೇ ಆದ ಕೆನ್ ಗ್ರಾಂಟ್, ಈ ಮೂವರ ಚಿತ್ರಗಳ ಪ್ರದರ್ಶನ ನ್ಯೂ ಬ್ರೈಟನ್ನಿನಲ್ಲಿಯೇ ನಡೆಯಿತು. ಅಷ್ಟು ಹೊತ್ತಿಗೆ ದಡದಲ್ಲಿ ಹೊಸ ಅಂಗಡಿಗಳೂ ಚಿತ್ರಮಂದಿರವೂ ಬಂದಿದ್ದವು. 1934ರಲ್ಲಿ ತೆರೆದಿದ್ದ ದೊಡ್ಡ ಬಯಲು ಈಜುಕೊಳ, ಪಾರ್ ತಮ್ಮ ಪುಸ್ತಕದಲ್ಲಿ ಹಿಡಿದಿಟ್ಟದ್ದು, 1990ರ ಬಿರುಗಾಳಿಯಲ್ಲಿ ಹಾಳಾಗಿ ನೆಲಸಮವಾಗಿತ್ತು. ಯಾರ ಬದುಕನ್ನು ಕುರಿತು ಲಂಡನ್ನಿನವರು ವಾದಿಸಿದ್ದರೋ ಅವರ ಊರಿಗೇ ಚಿತ್ರಗಳು ಮೂವತ್ತೆರಡು ವರ್ಷಗಳ ಮೇಲೆ ಬಂದವು. ಅಂದು ಆ ಕಾಂಕ್ರೀಟಿನ ಮೇಲೆ ಆಡಿದ ಮಕ್ಕಳು ಆ ವೇಳೆಗೆ ನಡುವಯಸ್ಸಿನವರು.