ಯಾರ ಮನೆ ಮಾಣಿ?

ಕುಮಟಾ, ಹೊನ್ನಾವರದ ಹಳ್ಳಿಗಳಿಗೆ ಹೊಸ ಮಾಸ್ತರು ಬಂದರೆ ಹಿಂದೆಲ್ಲ ಮೊದಲು ಬೀಳುತ್ತಿದ್ದ ಪ್ರಶ್ನೆ ಇದು. ಯಾವ ಊರು, ಯಾರ ಮನೆ, ಅಜ್ಜನ ಹೆಸರೇನು... ಅಘನಾಶಿನಿಯ ಆಚೆ ದಡದವರಾದರೂ ಸರಿ, ಎಲೆ ಅಡಿಕೆ ಮುಗಿಯುವಷ್ಟರಲ್ಲಿ ಒಂದು ನೆಂಟಸ್ತಿಕೆ ಸಿಕ್ಕೇ ಸಿಗುತ್ತಿತ್ತು. ಮಕ್ಕಳ ಜೊತೆ ಇರುವವನ ಪೂರ್ವಾಪರ ವಿಚಾರಿಸುವುದು ಅಂದರೆ ಅಷ್ಟೇ.

ಸರ್ಕಾರಿ ಮಾಸ್ತರು, ಅಕ್ಕೋರಿಗಾದರೆ ನೇಮಕದ ಹೊತ್ತಿಗೆ ಪೊಲೀಸ್ ಪರಿಶೀಲನೆ ಇರುತ್ತದೆ. ಉಳಿದವರಿಗೆ ನಡತೆ ಪ್ರಮಾಣಪತ್ರ. ಅದರಲ್ಲಿ ನಡತೆ 'ಉತ್ತಮ' ಅಲ್ಲದೆ ಬೇರೇನಾದರೂ ಬರೆದದ್ದನ್ನು ನಾನಂತೂ ನೋಡಿಲ್ಲ :)

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು. ಭಟ್ಕಳ, ಹೊನ್ನಾವರ, ಕುಮಟಾ ಎಲ್ಲ ಕಡೆಯೂ ಸ್ಟೇಶನ್ನು, ಗೋಕರ್ಣಕ್ಕೆ ವಿದೇಶಿಯರು. 'ಹೊರಗಿನವರು ಜಾಸ್ತಿಯಾದರು, ಮಕ್ಕಳನ್ನು ಜೋಪಾನ ಮಾಡಿ' ಎಂಬ ಮಾತು ಆಗ ಶುರುವಾಯಿತು. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಅದೇ ಹಳಿಯ ಮೇಲೆ ಇರುವ ಮಡಗಾಂವನ್ನೇ ನೋಡಿ. ಅಲ್ಲಿ ಅನಾಥಾಲಯ ನಡೆಸುತ್ತಿದ್ದ ಫ್ರೆಡ್ಡಿ ಪೀಟ್ಸ್ ಊರವರಿಗೆ ಗೊತ್ತಿದ್ದ, ಗೌರವ ಪಡೆದ ಮನುಷ್ಯ. 1991ರಲ್ಲಿ ಸಿಕ್ಕಿಬಿದ್ದ, 1996ರಲ್ಲಿ ಶಿಕ್ಷೆಯಾಯಿತು. ಅವನನ್ನು 'ಯಾರ ಮನೆಯವ' ಎಂದು ಕೇಳಿದ್ದರೆ ಹತ್ತು ಜನ ಅವನ ಪರವಾಗಿಯೇ ಉತ್ತರಿಸುತ್ತಿದ್ದರೇನೋ! ಗೋವಾ 2003ರಲ್ಲಿ ತನ್ನದೇ ಮಕ್ಕಳ ಕಾಯ್ದೆ ಮಾಡಿತು.

ಹಾಗಂತ ಕಾಗದವನ್ನೇ ನಂಬುವ ಹಾಗೂ ಇಲ್ಲ. ಇಂಗ್ಲೆಂಡಿನ ಸೋಹಮ್‌ನಲ್ಲಿ 2002ರ ಆಗಸ್ಟಿನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಕೊಂದವನು ಶಾಲೆಯೊಂದರ ಮೇಲ್ವಿಚಾರಕ. ಅವನ ಮೇಲೆ ಇನ್ನೊಂದು ಜಿಲ್ಲೆಯ ಪೊಲೀಸರಿಗೆ ಹಲವು ದೂರು ಹೋಗಿದ್ದವು, ಆದರೆ ಕೆಲಸ ಕೊಟ್ಟ ಶಾಲೆಗೆ ಅದು ತಲುಪಲೇ ಇಲ್ಲ. ಅವನಿಗೆ ಎರಡು ಹೆಸರಿತ್ತು, ಹುಡುಕಿದ್ದು ಒಂದರಲ್ಲಿ ಮಾತ್ರ. 2004ರ ಬಿಚರ್ಡ್ ವರದಿ ಇದನ್ನೆಲ್ಲ ಬಿಡಿಸಿ ಹೇಳಿತು, 2006ರಲ್ಲಿ ಅಲ್ಲಿ ಹೊಸ ಕಾನೂನೇ ಬಂತು.

ನಮ್ಮಲ್ಲಿ ಪೋಕ್ಸೋ ಜಾರಿಗೆ ಬಂದದ್ದು 2012ರ ನವೆಂಬರ್ 14ಕ್ಕೆ, ಮಕ್ಕಳ ದಿನಾಚರಣೆಯಂದು. 2014ರ ಜುಲೈನಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ಆದದ್ದಕ್ಕೆ ತಂದೆತಾಯಿಯರು ಬೀದಿಗಿಳಿದರಲ್ಲ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ ರಾಜ್ಯದಲ್ಲಿ ದೊಡ್ಡ ಮಾತಾದದ್ದು ಆವಾಗ. ದೇಶಕ್ಕೆಲ್ಲ ಅನ್ವಯಿಸುವ ಹಾಗೆ ಬರೆದದ್ದು 2020ರ ಪೋಕ್ಸೋ ನಿಯಮಗಳಲ್ಲಿ: ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿ, ಎಲ್ಲಿಯೇ ಇರಲಿ, ಪಾಠ ಮಾಡುವವರು, ಮಾಡದವರು, ಗುತ್ತಿಗೆಯವರು ಎಲ್ಲರ ಹಿನ್ನೆಲೆಯನ್ನೂ ಆಗಾಗ ಪರಿಶೀಲಿಸಬೇಕು. ಒಂದೇ ಸಲ ಅಲ್ಲ, ಆಗಾಗ! 2018ರಲ್ಲಿ ಶುರುವಾದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದಾಖಲೆ ಇದೆ, ಆದರೆ ಅದನ್ನು ಪೊಲೀಸರು ನೋಡಬಹುದು, ಶಾಲೆಯವರು ನೋಡುವ ಹಾಗಿಲ್ಲ.

ದೂರೇ ದಾಖಲಾಗದಿದ್ದರೆ ಪೊಲೀಸರ ಹತ್ತಿರವಾದರೂ ಏನು ಸಿಗುತ್ತದೆ? ಎಲ್ಲರಿಗೂ ಎಲ್ಲರೂ ಗೊತ್ತಿರುವ ನಮ್ಮ ಕಡೆ 'ಮರ್ಯಾದಸ್ಥರ ಮನೆಯ ವಿಷಯ' ಎಂದು ಮುಚ್ಚಿದ್ದೇ ಹೆಚ್ಚಿರಬೇಕು. ಆ ಹಳೆಯ ಪ್ರಶ್ನೆಗೆ ಇನ್ನೊಂದು ಮುಖ ಇದು.

ನಮ್ಮ ಮಗಳ ವ್ಯಾನಿನ ಚಾಲಕನ ಪರಿಶೀಲನೆ ಆಗಿದೆಯಾ ಅಂತ ನಾನು ಶಾಲೆಯಲ್ಲಿ ಇನ್ನೂ ಕೇಳಿಲ್ಲ, ಸಂಕೋಚ. ನೀವು ಯಾರಾದರೂ ಕೇಳಿದ್ದೀರಾ? ಏನಂದರು?